ಸೇತುವೆಯ ಕಂಬಗಳೂ ಭೂಕಂಪವೂ



ದಾವಣಗೆರೆಯ ಶಾಮನೂರಿನಿಂದ ಹೊರಟು ಹರಿಹರದಲ್ಲಿ ತುಂಗಭದ್ರೆಯನ್ನು ದಾಟುವವರು ಸೇತುವೆಯ ಕಂಬಗಳನ್ನು ಕುರಿತು ಆಲೋಚಿಸುವುದು ಅಪರೂಪ. ಅಲ್ಲಿ 1868ರಲ್ಲಿ ಮುಗಿದ ಹಳೆಯ ಸೇತುವೆ ಕಮಾನುಗಳದು. ಈಗಿನ ಹೆದ್ದಾರಿಯದು ಉಕ್ಕು ಕಾಂಕ್ರೀಟುಗಳದು. ಹೊಳೆಯ ಪ್ರವಾಹಕ್ಕೆ ಎದೆಯೊಡ್ಡಿ ನಿಲ್ಲುವುದು ಎರಡರ ಕರ್ತವ್ಯವೂ ಹೌದು. ಆದರೆ ನೀರು ತಳ್ಳುವ ಬಗೆ ಬೇರೆ, ನೆಲವೇ ಅಲುಗುವ ಬಗೆ ಬೇರೆ. ನೆಲ ನಡುಗಿದಾಗ ಕಾಂಕ್ರೀಟಿನ ಕಂಬಕ್ಕೆ ಏನಾಗುತ್ತದೆಂಬುದನ್ನು ಈಗ ವಿಚಾರ ಮಾಡೋಣ.

ನಮ್ಮ ಸೀಮೆಗೆ ಭೂಕಂಪದ ಭಯವೆಲ್ಲಿಯದು ಎಂದು ಕೆಲವರು ಕೇಳಬಹುದು. 2002ರ ಭೂಕಂಪವಲಯಗಳ ಪಟದಲ್ಲಿ ದಾವಣಗೆರೆ ಅತ್ಯಂತ ಕಡಮೆ ಅಪಾಯದ ವಲಯಕ್ಕೆ ಸೇರಿತ್ತೆಂಬುದು ನಿಜ. ಆದರೆ ನೆರೆಯ ಬಳ್ಳಾರಿ 1843ರಲ್ಲಿ ನಡುಗಿತು. 1967ರಲ್ಲಿ ಕೊಯ್ನಾ, 1993ರಲ್ಲಿ ಕಿಲ್ಲಾರಿ ನಾಶವನ್ನು ಕಂಡವು. ಕಿಲ್ಲಾರಿಯಾದರೋ ಆಗಿನ ಪಟದಲ್ಲಿ ಅತ್ಯಲ್ಪ ಅಪಾಯದ ವಲಯದಲ್ಲಿಯೇ ಇದ್ದಿತು. ದಖನ್ನಿನ ಗಟ್ಟಿ ನೆಲವೂ ಸಂಪೂರ್ಣ ಅಭಯವನ್ನು ಕೊಟ್ಟಿಲ್ಲ.

ನಿಂತ ಬಸ್ಸು ಥಟ್ಟನೆ ಹೊರಟರೆ ಒಳಗೆ ನಿಂತವರು ಹಿಂದಕ್ಕೆ ವಾಲುತ್ತಾರಷ್ಟೆ. ಸೇತುವೆಯಲ್ಲಿಯೂ ಹೀಗೆಯೇ. ನೆಲ ಕಂಬದ ಬುಡವನ್ನು ಒಂದು ಕಡೆಗೆ ಎಳೆಯುತ್ತದೆ. ಮೇಲಿರುವ ಭಾರವಾದ ಹಾಸು ಜಡತ್ವದಿಂದ ಇದ್ದಲ್ಲಿಯೇ ಇರಲು ಹವಣಿಸುತ್ತದೆ. ನಡುವೆ ಕಂಬ ಬಾಗುತ್ತದೆ. ಬುಡದ ಒಂದು ಮಗ್ಗುಲು ಹಿಗ್ಗಿದರೆ ಇನ್ನೊಂದು ಮಗ್ಗುಲು ಅದುಮಿಕೊಳ್ಳುತ್ತದೆ. ಮರುಕ್ಷಣವೇ ನೆಲ ಹಿಂದಿರುಗಲು ಪಾತ್ರಗಳು ಅದಲುಬದಲಾಗುತ್ತವೆ. ಕಾಂಕ್ರೀಟು ಒತ್ತಡವನ್ನು ತಾಳಬಲ್ಲುದು, ಎಳೆತವನ್ನು ತಾಳಲಾರದು. ಎಳೆತದ ಹೊರೆ ಒಳಗಿನ ಉದ್ದ ಸರಳುಗಳದು.

ದೊಡ್ಡ ಭೂಕಂಪದಲ್ಲಿಯೂ ಕೂದಲೆಳೆಯಷ್ಟು ಬಿರುಕೂ ಬಿಡದ ಕಂಬವನ್ನು ಕಟ್ಟುವುದು ವಿಪರೀತ ವೆಚ್ಚದ ಮಾತು. ಆದುದರಿಂದ ಕಂಬ ಎಲ್ಲಿ ಮಣಿಯಬೇಕೆಂಬುದನ್ನು ಇಂಜಿನಿಯರೇ ಮೊದಲು ಗೊತ್ತುಮಾಡುತ್ತಾನೆ. ಸಾಮಾನ್ಯವಾಗಿ ಆ ಸ್ಥಾನ ಬುಡ. ಅಲ್ಲಿ ಸರಳುಗಳು ಮಣಿದು, ಹಿಂದಿರುಗಿ, ಮತ್ತೆ ಮಣಿದು ಕಂಪನದ ಶಕ್ತಿಯನ್ನು ಹೀರಿಕೊಳ್ಳಬೇಕು. ಇಂಥ ಕಂಬ ಗಾಯಗೊಂಡರೂ ಬೀಳುವುದಿಲ್ಲ. ಬಾಗುವುದಕ್ಕೆ ಮೊದಲೇ ಓರೆಯಾಗಿ ಸೀಳಿ ಕತ್ತರಿಸಿಹೋಗುವ ಕಂಬವಾದರೋ ಎಚ್ಚರಿಕೆಯನ್ನೇ ಕೊಡದೆ ಕುಸಿಯುತ್ತದೆ.

ಈ ಎರಡು ಗತಿಗಳಲ್ಲಿ ಯಾವುದೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಉದ್ದ ಸರಳುಗಳನ್ನು ಸುತ್ತುವರಿದ ರಿಂಗುಗಳು. ಒಂದು ಕಾಲಕ್ಕೆ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒತ್ತಿ ಕಟ್ಟಿದ ಹತ್ತಿಯ ಬೇಲಿನ ಪಟ್ಟಿಗಳನ್ನು ಕತ್ತರಿಸಿದರೆ ಹತ್ತಿ ಹೊರಕ್ಕೆ ಉಬ್ಬುತ್ತದೆ. ರಿಂಗುಗಳು ವಿರಳವಾದರೆ ಕಾಂಕ್ರೀಟಿನ ತಿರುಳೂ ಹಾಗೆಯೇ ಸಿಡಿದು, ಸರಳುಗಳು ಹೊರಕ್ಕೆ ಬಾಗಿಬಿಡುತ್ತವೆ. ಕ್ಯಾಲಿಫೋರ್ನಿಯದಲ್ಲಿ 1971ಕ್ಕೆ ಮುಂಚೆ ಅರ್ಧ ಅಂಗುಲದ ರಿಂಗುಗಳನ್ನು ಅಡಿಗೊಂದರಂತೆ ಹಾಕುವುದು ವಾಡಿಕೆಯಾಗಿತ್ತು. ಆ ವರ್ಷದ ಸಾನ್ ಫರ್ನಾಂಡೊ ಭೂಕಂಪ ಅದು ಸಾಲದೆಂದು ತೋರಿಸಿತು. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಎತ್ತರದ ರಸ್ತೆಯೊಂದು ಆರುನೂರು ಮೀಟರಿಗೂ ಮಿಕ್ಕಿದ ಉದ್ದಕ್ಕೆ ಒಂಟಿಕಂಬಗಳ ಸಮೇತ ಮಗುಚಿಬಿದ್ದಿತು. ಹಳೆಯ ಕಂಬಗಳಿಗೆ ಉಕ್ಕಿನ ಕವಚವನ್ನು ತೊಡಿಸಿ ಬಲಪಡಿಸುವ ಕಾರ್ಯ ಆ ಎರಡು ದೇಶಗಳಲ್ಲಿಯೂ ವ್ಯಾಪಕವಾಗಿ ನಡೆಯಿತು.

ಕಂಬ ಉಳಿದ ಮಾತ್ರಕ್ಕೆ ಸೇತುವೆ ಉಳಿಯಿತೆನ್ನುವಂತಿಲ್ಲ. 2001ರ ಭುಜ್ ಭೂಕಂಪದಲ್ಲಿ ಕಚ್ಛದ ಸೂರಜ್‌ಬಾರಿ ಸೇತುವೆಯ ಮೇಲ್ಭಾಗ ಪಕ್ಕಕ್ಕೆ ಸರಿದು, ಅದನ್ನು ಹೊತ್ತ ಬೇರಿಂಗುಗಳು ಕೆಟ್ಟವು. ಆದ್ದರಿಂದ ಕಂಬದ ತಲೆ ಸಾಕಷ್ಟು ಅಗಲವಾಗಿರಬೇಕು; ಹಾಸು ಜಾರಿಬೀಳದಂತೆ ತಡೆಗಳಿರಬೇಕು. ಹೊಳೆಯ ನೀರು ಬುಡದ ಮಣ್ಣನ್ನು ಕೊರೆದಿದ್ದರೆ ಮೇಲಿನ ಎಷ್ಟು ಲೆಕ್ಕಾಚಾರವೂ ವ್ಯರ್ಥ.

ರಸ್ತೆಯ ಸೇತುವೆಗಳ ಭೂಕಂಪನಿರೋಧಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸು 2018ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನು ಪ್ರಕಟಿಸಿತು. ಆದರೆ ನಿಯಮ ಕಾಗದದಿಂದ ಕಂಬಕ್ಕೆ ಇಳಿಯಬೇಕಷ್ಟೆ. ರಿಂಗುಗಳು ಒತ್ತಾಗಿವೆಯೆ, ಅವುಗಳ ತುದಿಯ ಕೊಕ್ಕೆಗಳು ಒಳಕ್ಕೆ ಮಡಿದು ತಿರುಳನ್ನು ಹಿಡಿದಿವೆಯೆ ಎಂಬುದನ್ನು ಕಾಂಕ್ರೀಟು ಸುರಿಯುವ ಮುನ್ನವೇ ನೋಡಬೇಕು. ಅನಂತರ ಅದು ಬರಿಗಣ್ಣಿಗೆ ಕಾಣದು. ಸೇತುವೆಯ ಒಟ್ಟು ವೆಚ್ಚದಲ್ಲಿ ಈ ಉಕ್ಕಿನ ಪಾಲು ಅಲ್ಪ. ಅದು ಕಾಯುವುದು ಮೇಲೆ ಸಾಗುವವರ ಪ್ರಾಣವನ್ನು. ಭೂಕಂಪದ ಮರುದಿನ ಔಷಧಿಯೂ ಆಹಾರವೂ ಬರಬೇಕಾದ ದಾರಿಯೂ ಅದೇ ಸೇತುವೆಯಲ್ಲವೆ?