ಮೂಲ ಕೆದಕುವ ರಾಜಕೀಯ

ಹೆಸರುವಾಸಿ ಮನೆತನವೊಂದರ ಬಗ್ಗೆ ‘ಇವರ ಮೂಲ ಬೇರೆಯೇ ಇದೆ, ಇವರು ಒಳಗಿಂದೊಳಗೆ ಯಹೂದಿಗಳು’ ಎಂಬ ಗುಲ್ಲು ಏಳುವುದು ಯುರೋಪಿನ ಇತಿಹಾಸದಲ್ಲಿ ಹೊಸತಲ್ಲ. ಅಂಥ ಮಾತು ಕಿವಿಗೆ ಬಿದ್ದ ಕೂಡಲೇ ನಾವು ಕೇಳುವ ಪ್ರಶ್ನೆ ಒಂದೇ: ಇದು ನಿಜವೋ ಸುಳ್ಳೋ? ಉತ್ತರ ಹುಡುಕುವುದರಲ್ಲಿ ತಪ್ಪಿಲ್ಲ, ಆದರೆ ಅಷ್ಟಕ್ಕೇ ನಿಂತರೆ ಗುಲ್ಲಿನ ಮರ್ಮ ಕೈಗೆ ಸಿಗುವುದಿಲ್ಲ. ಅದನ್ನು ಹಬ್ಬಿಸುವವರು ‘ಅವರು ಮುಚ್ಚಿಟ್ಟರು, ಅದಕ್ಕೇ ನಮಗೆ ಅನುಮಾನ’ ಎನ್ನುತ್ತಾರೆ. ದಾಖಲೆಗಳು ಹೇಳುವುದು ಇದಕ್ಕೆ ತದ್ವಿರುದ್ಧ. ಮೊದಲು ಅನುಮಾನವೇ ಕಾನೂನಾಯಿತು, ಆಮೇಲೆ ಜನ ಮುಚ್ಚಿಡತೊಡಗಿದರು. ಇದು ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಸ್ಪೇನಿನಲ್ಲಿ.

1391ರಲ್ಲಿ ಸೆವಿಯ್ಯಾದಲ್ಲಿ ಶುರುವಾಗಿ ಊರಿಂದೂರಿಗೆ ಹಬ್ಬಿದ ಹತ್ಯಾಕಾಂಡದಲ್ಲಿ ಸಾವಿರಾರು ಯಹೂದಿಗಳು ಸತ್ತರು. ಉಳಿದವರಲ್ಲಿ ಬಹಳ ಮಂದಿ ಪ್ರಾಣಭಯದಿಂದ ಕ್ರೈಸ್ತರಾದರು. ಹೀಗೆ ಮತಾಂತರಗೊಂಡವರನ್ನೂ ಅವರ ಸಂತತಿಯನ್ನೂ ‘ಕೊನ್ವೆರ್ಸೊ’ಗಳೆಂದು ಕರೆದರು. ಮುಂದಿನ ಎರಡು ತಲೆಮಾರುಗಳಲ್ಲಿ ಅವರು ಅರಮನೆಯ ಲೆಕ್ಕಪತ್ರ, ನಗರಾಡಳಿತ, ಚರ್ಚಿನ ಉನ್ನತ ಹುದ್ದೆಗಳನ್ನೆಲ್ಲ ಏರಿದರು. ಏರಿದ್ದು ಕದ್ದುಮುಚ್ಚಿ ಅಲ್ಲ. ಬುರ್ಗೋಸ್ ನಗರದ ರಬ್ಬಿಯಾಗಿದ್ದ ಸೊಲೊಮನ್ ಹಲೇವಿ ಮತಾಂತರದ ನಂತರ ಪಾಬ್ಲೊ ದೆ ಸಾಂತಾ ಮರಿಯಾ ಎಂಬ ಹೆಸರಿನಲ್ಲಿ ಅದೇ ನಗರದ ಬಿಷಪ್ ಆದ. ಅವನ ಮಗ ಅಲೋನ್ಸೊ ದೆ ಕಾರ್ತಹೇನಾ ತಂದೆಯ ನಂತರ ಅದೇ ಪೀಠದಲ್ಲಿ ಕುಳಿತ. ಇವರ ಮೂಲ ಯಾವುದೆಂದು ಊರಿಗೆಲ್ಲ ಗೊತ್ತಿತ್ತು. ಮರೆಮಾಚುವ ಅಗತ್ಯ ಅವರಿಗೂ ಕಂಡಿರಲಿಲ್ಲ.

1449ರಲ್ಲಿ ಇದು ಬದಲಾಯಿತು. ಯುದ್ಧದ ಖರ್ಚಿಗೆಂದು ದೊರೆಯ ಆಪ್ತ ಆಲ್ವಾರೊ ದೆ ಲೂನಾ ತೊಲೆದೊ ನಗರದಿಂದ ಹತ್ತು ಲಕ್ಷ ಮರವೇದಿ ಹಣ ಕೇಳಿದ. ಜನ ದಂಗೆಯೆದ್ದರು. ಆದರೆ ಸಿಟ್ಟು ತಿರುಗಿದ್ದು ತೆರಿಗೆಯ ಜೊತೆ ಹೆಸರು ತಳುಕು ಹಾಕಿಕೊಂಡಿದ್ದ ಕೊನ್ವೆರ್ಸೊ ವರ್ತಕ ಅಲೋನ್ಸೊ ಕೋತಾನ ಮನೆಯ ಮೇಲೆ, ಆಮೇಲೆ ಅವನ ಜನರೆಲ್ಲರ ಮೇಲೆ. ದಂಗೆಯ ನಾಯಕ ಪೆರೊ ಸಾರ್ಮಿಯೆಂತೊ ಅದೇ ಜೂನಿನಲ್ಲಿ ಹೊರಡಿಸಿದ ಶಾಸನ ಯಹೂದಿ ಮೂಲದವರನ್ನೆಲ್ಲ, ಅವರು ಎಷ್ಟೇ ಶ್ರದ್ಧಾವಂತ ಕ್ರೈಸ್ತರಾಗಿದ್ದರೂ, ನಗರದ ಹುದ್ದೆಗಳಿಂದ ಕಿತ್ತುಹಾಕಿತು. ಕ್ರೈಸ್ತರನ್ನು ಹುಟ್ಟಿನಿಂದ ಒಡೆಯುವುದು ಧರ್ಮಕ್ಕೆ ವಿರುದ್ಧವೆಂದು ಪೋಪ್ ಐದನೆಯ ನಿಕೊಲಸ್ ಅದೇ ವರ್ಷ ಖಂಡಿಸಿದ. ಆದರೂ ‘ರಕ್ತಶುದ್ಧಿ’ಯ ನಿಯಮ ನಿಲ್ಲಲಿಲ್ಲ. ಮುಂದಿನ ನೂರು ವರ್ಷಗಳಲ್ಲಿ ಕಾಲೇಜುಗಳು, ಸೇನಾ ಪಂಥಗಳು, ಕೆಥೆಡ್ರಲ್‌ಗಳು ಒಂದೊಂದಾಗಿ ಅದನ್ನು ಅಪ್ಪಿಕೊಂಡವು.

ಈ ನಿಯಮ ನಡೆದ ಬಗೆಯನ್ನು ತುಸು ನಿಂತು ನೋಡಬೇಕು. ಹುದ್ದೆ ಬೇಡಿದವನು ತಂದೆತಾಯಿ, ಅಜ್ಜ ಅಜ್ಜಿಯರ ಹೆಸರು, ಊರು ಬರೆದುಕೊಡಬೇಕು. ತನಿಖೆಯವರು ಆ ಊರುಗಳಿಗೆ ಹೋಗಿ ಮುದುಕರನ್ನು ಕರೆಸಿ, ಈ ಮನೆಯವರ ಬಗ್ಗೆ ಜನ ಏನು ಮಾತಾಡಿಕೊಳ್ಳುತ್ತಾರೆ ಎಂದು ಕೇಳುತ್ತಿದ್ದರು. ‘ಹಾಗಂತ ಕೇಳಿದ್ದೇನೆ’ ಎಂಬುದೂ ಸಾಕ್ಷ್ಯವೇ. ಹಳೆಯ ಜಗಳ, ಜಮೀನಿನ ವ್ಯಾಜ್ಯ, ಮುರಿದ ಸಂಬಂಧದ ಕಹಿ, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಗಾಳಿಮಾತಿಗೆ ಸರ್ಕಾರಿ ಕಾಗದದ ಬೆಲೆ ಬಂದದ್ದು ಹೀಗೆ.

ಆಗ ಮುಚ್ಚಿಡುವುದು ಬದುಕುಳಿಯುವ ದಾರಿಯಾಯಿತು. ಆವಿಲಾದ ಸಂತ ತೆರೇಸಾಳ ಅಜ್ಜ ಹುವಾನ್ ಸಾಂಚೆಸ್ ತೊಲೆದೊದ ಬಟ್ಟೆ ವ್ಯಾಪಾರಿ. 1485ರಲ್ಲಿ ಇಂಕ್ವಿಸಿಷನ್ ಎಂಬ ಧರ್ಮನ್ಯಾಯಾಲಯದ ಮುಂದೆ ಗುಟ್ಟಾಗಿ ಯಹೂದಿ ಆಚರಣೆ ನಡೆಸಿದ್ದಾಗಿ ಒಪ್ಪಿಕೊಂಡು, ಶಿಕ್ಷೆಯ ಅಂಗಿ ತೊಟ್ಟು ಶುಕ್ರವಾರಗಳಂದು ಚರ್ಚಿನಿಂದ ಚರ್ಚಿಗೆ ಮೆರವಣಿಗೆ ಹೋದ. ಆಮೇಲೆ ಊರನ್ನೇ ಬಿಟ್ಟು ಆವಿಲಾ ಸೇರಿದ. ಅವನ ಮಕ್ಕಳು ಕುಲೀನರೆಂದು ನ್ಯಾಯಾಲಯದಲ್ಲಿ ದಾವೆ ಹೂಡಿ ಮಾನ್ಯತೆ ಪಡೆದರು. ತೆರೇಸಾ 1622ರಲ್ಲಿ ಸಂತಪದವಿಗೇರಿದಳು. ಅಜ್ಜನ ಸಂಗತಿ ಆ ದಾವೆಯ ಕಾಗದಗಳಿಂದ ಲೋಕಕ್ಕೆ ತಿಳಿದದ್ದು 1940ರ ದಶಕದಲ್ಲಿ. ನಮ್ಮ ನೆರೆಯ ಗೋವೆಯಲ್ಲೂ ಇಂಥದೇ ಒಂದು ಕಥೆಯಿದೆ. ಭಾರತದ ಔಷಧಿ ಸಸ್ಯಗಳ ಬಗ್ಗೆ 1563ರಲ್ಲಿ ಅಲ್ಲಿ ಮಹತ್ವದ ಗ್ರಂಥ ಅಚ್ಚು ಹಾಕಿಸಿದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಒರ್ತಾ ಯಹೂದಿ ಮೂಲದವನು. ಅವನು 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿ ಕತರೀನಾಳನ್ನು ಗೋವೆಯ ಇಂಕ್ವಿಸಿಷನ್ ಸುಡಿಸಿತು. 1580ರಲ್ಲಿ ಅವನ ಮೂಳೆಗಳನ್ನೇ ಅಗೆದು ತೆಗೆದು ಸುಟ್ಟರು. ಸತ್ತವರಿಗೂ ಬಿಡುಗಡೆ ಕೊಡದ ಇಂಥ ವ್ಯವಸ್ಥೆಯಲ್ಲಿ ಮೂಲವನ್ನು ಬಚ್ಚಿಟ್ಟವರನ್ನು ಕಪಟಿಗಳೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಗುಲ್ಲು ದೊಡ್ಡ ಮನೆತನಗಳನ್ನೇ ಯಾಕೆ ಹುಡುಕಿಕೊಂಡು ಹೋಗುತ್ತದೆ? ವಂಶಾವಳಿ ಬರೆದಿಟ್ಟವರು ಅವರೇ ಆದ್ದರಿಂದ. ರೈತನ ಮುತ್ತಜ್ಜ ಯಾರೆಂದು ಎಲ್ಲೂ ಬರೆದಿರಲಿಲ್ಲ. ಹಾಗಾಗಿ ಅವನು ನಿರಾತಂಕವಾಗಿ ‘ಹಳೆಯ ಕ್ರೈಸ್ತ’. ಶ್ರೀಮಂತ ಮನೆಯ ಪ್ರತಿ ಮದುವೆಗೂ ಕರಾರುಪತ್ರವಿತ್ತು, ಕೊನ್ವೆರ್ಸೊ ಮನೆಯಿಂದ ತಂದ ಸೊಸೆಯ ಹೆಸರೂ ಅದರಲ್ಲಿತ್ತು. ತೊಲೆದೊ ಕೆಥೆಡ್ರಲ್‌ನಲ್ಲಿ 1547ರಲ್ಲಿ ರಕ್ತಶುದ್ಧಿಯ ನಿಯಮ ತಂದ ಆರ್ಚ್‌ಬಿಷಪ್ ಸಿಲಿಸೆಯೊ ಬಡ ರೈತ ಕುಟುಂಬದಿಂದ ಬಂದವನು. ಎದುರು ನಿಂತವರಲ್ಲಿ ಕುಲೀನ ಪಾದ್ರಿಗಳಿದ್ದರು. ಹುಟ್ಟಿನಿಂದ ಕೀಳೆನಿಸಿಕೊಂಡವರಿಗೆ ಮೇಲಿನವರನ್ನು ಹುಟ್ಟಿನಿಂದಲೇ ಕೆಳಗಿಳಿಸುವ ಅಸ್ತ್ರ ಸಿಕ್ಕಿತ್ತು. ಆ ಸಿಟ್ಟಿಗೆ ಕಾರಣಗಳಿದ್ದವು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಅಸ್ತ್ರ ಸವಲತ್ತಿನ ವ್ಯವಸ್ಥೆಯನ್ನು ಮುಟ್ಟಲೇ ಇಲ್ಲ. ಅದರ ಬೆಲೆ ತೆತ್ತವರು ಮೂರನೆಯವರು.

ಈ ಅಸ್ತ್ರವನ್ನು ಕಸಿದುಕೊಳ್ಳುವ ಪ್ರಯತ್ನವೂ ಅಡ್ಡದಾರಿ ಹಿಡಿಯಿತು. ಕಾರ್ಡಿನಲ್ ಮೆಂದೋಸಾ ಇ ಬೊಬದಿಯಾನದೆಂದು ಹೇಳಲಾಗುವ 1560ರ ಅರಿಕೆಯೊಂದಿದೆ. ತನ್ನ ಬಂಧುವಿಗೆ ಸೇನಾ ಪಂಥದ ಪ್ರವೇಶ ಕಷ್ಟವಾದಾಗ, ಹಾಗೆ ನೋಡಿದರೆ ಸ್ಪೇನಿನ ಬಹುತೇಕ ಶ್ರೀಮಂತ ಮನೆತನಗಳಲ್ಲಿ ಯಹೂದಿ ಇಲ್ಲವೇ ಮೂರ್ (ಮುಸ್ಲಿಂ) ರಕ್ತವಿದೆ ಎಂದು ಹೆಸರು ಹಿಡಿದು ದೊರೆಗೆ ತೋರಿಸುವ ಬರಹ ಅದು. ಅದರಿಂದ ನಿಯಮ ಸಡಿಲವಾಗಲಿಲ್ಲ. ಚಾಡಿ ಹೇಳುವವರಿಗೆ ಸಿದ್ಧ ಪಟ್ಟಿ ಸಿಕ್ಕಿದಂತಾಗಿ, ಅದರ ನಕಲುಗಳು ಶತಮಾನಗಟ್ಟಲೆ ಕೈಯಿಂದ ಕೈಗೆ ದಾಟಿದವು. ಅರಗಾನ್ ಸೀಮೆಯ ‘ಹಸಿರು ಪುಸ್ತಕ’ವೆಂಬ ಇನ್ನೊಂದು ಪಟ್ಟಿಯೂ ಹಾಗೆಯೇ. ಕೊನೆಗೆ 1623ರಲ್ಲಿ ರಾಜಾಜ್ಞೆಯೇ ಹೆಸರಿಲ್ಲದ ದೂರುಗಳನ್ನೂ ಇಂಥ ಪುಸ್ತಕಗಳನ್ನೂ ನಿಷೇಧಿಸಿತು. ಮೂರು ಸಲ ಶುದ್ಧವೆನಿಸಿದ ವಂಶವನ್ನು ಮತ್ತೆ ಕೆದಕಬಾರದೆಂದಿತು. ಆದರೂ ಪಿಸುಮಾತು ಬಾಯಿಂದ ಬಾಯಿಗೆ ಸಾಗುತ್ತಲೇ ಇತ್ತು. ರಕ್ತಶುದ್ಧಿಯ ಕೊನೆಯ ಕುರುಹುಗಳು ಸ್ಪೇನಿನ ಕಾನೂನಿನಿಂದ ಅಳಿದದ್ದು 1865ರ ಹೊತ್ತಿಗೆ.

ಇಪ್ಪತ್ತನೆಯ ಶತಮಾನದಲ್ಲೂ ಈ ಗುಲ್ಲು ಅದೇ ಹಾದಿಯಲ್ಲಿ ನಡೆಯಿತು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮನೆತನದ ನಿಜವಾದ ಹೆಸರು ‘ರೋಸೆನ್‌ಫೆಲ್ಡ್’ ಎಂದು 1930ರ ದಶಕದಲ್ಲಿ ಅವರ ವಿರೋಧಿಗಳು ಸಾರಿದರು. 1935ರಲ್ಲಿ ಪತ್ರಿಕಾ ಸಂಪಾದಕರೊಬ್ಬರಿಗೆ ಕೊಟ್ಟ ಉತ್ತರದಲ್ಲಿ ರೂಸ್‌ವೆಲ್ಟ್ ‘ಇಲ್ಲ, ನಾವಲ್ಲ’ ಎನ್ನಲಿಲ್ಲ. ಪೂರ್ವಜರು ಯಹೂದಿಗಳೋ ಕ್ಯಾಥೊಲಿಕ್ಕರೋ ಪ್ರೊಟೆಸ್ಟಂಟರೋ ಆಗಿದ್ದಿರಬಹುದು, ಅವರು ಒಳ್ಳೆಯ ನಾಗರಿಕರೂ ದೇವರನ್ನು ನಂಬಿದವರೂ ಆಗಿದ್ದರೇ ಎಂಬುದೇ ತನಗೆ ಮುಖ್ಯ ಎಂದರು. ನಾನು ಬಲ್ಲಂತೆ ಈ ಆರೋಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಅದು ಆರೋಪವೇ ಅಲ್ಲ ಎಂದು ಈ ಉತ್ತರ ಹೇಳುತ್ತದೆ. ಜರ್ಮನಿಯಲ್ಲಿ ನಾಜಿ ಪೊಲೀಸ್ ಮುಖ್ಯಸ್ಥ ರೈನ್‌ಹಾರ್ಡ್ ಹೈಡ್ರಿಖ್‌ನ ತಂದೆಯ ನಿಜ ಹೆಸರು ‘ಸ್ಯೂಸ್’ ಎಂದು 1916ರ ಸಂಗೀತ ಕೋಶವೊಂದು ಬರೆದಿತ್ತು. ಅಜ್ಜಿಯ ಎರಡನೆಯ ಗಂಡನ ಹೆಸರದು, ಅವನೂ ಯಹೂದಿಯಲ್ಲ. 1932ರಲ್ಲಿ ಪಕ್ಷವೇ ತನಿಖೆ ಮಾಡಿ ಏನೂ ಇಲ್ಲವೆಂದಿತು, ಆದರೂ ಗುಲ್ಲು ಅವನು ಸತ್ತ ಮೇಲೂ ಉಳಿಯಿತು.

ಹಿಟ್ಲರನ ತಂದೆಯ ತಂದೆ ಯಹೂದಿ ಎಂಬ ಕಥೆ ಇದಕ್ಕಿಂತ ಅಪಾಯಕರ. ಮರಣದಂಡನೆಗೆ ಗುರಿಯಾದ ನಾಜಿ ವಕೀಲ ಹಾನ್ಸ್ ಫ್ರಾಂಕ್‌ನ, 1953ರಲ್ಲಿ ಪ್ರಕಟವಾದ ನೆನಪುಗಳೇ ಅದರ ಮುಖ್ಯ ಆಧಾರ. ಅವನು ಹೆಸರಿಸಿದ ಯಹೂದಿ ಕುಟುಂಬ ಹಿಟ್ಲರನ ತಂದೆ ಹುಟ್ಟುವ ಹೊತ್ತಿಗೆ ಗ್ರಾಟ್ಸ್ ನಗರದಲ್ಲಿತ್ತೆಂಬುದಕ್ಕೆ ಇತಿಹಾಸಕಾರರಿಗೆ ದಾಖಲೆ ಸಿಕ್ಕಿಲ್ಲ. ಹಾಗಿದ್ದೂ 2022ರಲ್ಲಿ ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್ ಹಿಟ್ಲರನಲ್ಲಿ ಯಹೂದಿ ರಕ್ತವಿತ್ತೆಂದು ಹೇಳಿ ಇಸ್ರೇಲಿನ ಪ್ರತಿಭಟನೆ ಎದುರಿಸಿದರು. ಈ ಕಥೆ ಕೊಂದವರ ಹೊಣೆಯನ್ನು ಸತ್ತವರ ಬಾಗಿಲಿಗೆ ತಂದಿಡುತ್ತದೆ.

‘ಆದರೂ ಕೆಲವು ಗುಲ್ಲುಗಳು ನಿಜವಾಗಿದ್ದವಲ್ಲ, ತೆರೇಸಾಳ ಅಜ್ಜನೇ ಸಾಕ್ಷಿಯಲ್ಲವೆ?’ ಎಂದು ಯಾರಾದರೂ ಕೇಳಬಹುದು. ನಿಜ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬರಿಗೂ 1,024 ಪೂರ್ವಜರ ಸ್ಥಾನಗಳಿರುತ್ತವೆ. ಅಷ್ಟೊಂದು ಜನ ಮತಾಂತರಗೊಂಡ ನಾಡಿನಲ್ಲಿ ಅವರಲ್ಲೊಬ್ಬರೂ ಯಹೂದಿ ಆಗಿರಲಿಲ್ಲ ಎಂಬುದೇ ಅಪರೂಪ. ಹೀಗಿರುವಾಗ ಗುಲ್ಲು ನಿಜವಾದರೂ ಅದರಿಂದ ತಿಳಿಯುವುದೇನು? ಆ ಮನೆತನದ ನಿಷ್ಠೆ, ನಡತೆ, ಉದ್ದೇಶ ಯಾವುದೂ ಅದರಿಂದ ತಿಳಿಯುವುದಿಲ್ಲ. ಒಬ್ಬ ಪೂರ್ವಜನಿಂದ ಇಡೀ ವಂಶದ ಸಂಚನ್ನು ಊಹಿಸಬೇಕಾದರೆ ಗುಣ ರಕ್ತದಲ್ಲಿ ಹರಿಯುತ್ತದೆಂದು ಮೊದಲೇ ನಂಬಿರಬೇಕು. ಆ ನಂಬಿಕೆಯನ್ನು ಸಾಬೀತು ಮಾಡುವ ಗೋಜಿಗೆ ಗುಲ್ಲು ಹೋಗುವುದೇ ಇಲ್ಲ. ಅಷ್ಟೇ ಅಲ್ಲ, ದಾಖಲೆ ಸಿಕ್ಕರೆ ‘ನೋಡಿ, ಸಿಕ್ಕಿತು’ ಎನ್ನುವವರು ಸಿಗದಿದ್ದರೆ ‘ನೋಡಿ, ಎಷ್ಟು ಚೆನ್ನಾಗಿ ಅಳಿಸಿದ್ದಾರೆ’ ಎನ್ನುತ್ತಾರೆ. ಯಾವ ಸಾಕ್ಷ್ಯ ಬಂದರೂ ಸೋಲದ ವಾದವನ್ನು ಸಂಶೋಧನೆ ಎನ್ನಲಾಗದು.

ಹಾಗೆಂದು ವಂಶದ ಮೂಲ ಹುಡುಕುವುದೇ ಕೂಡದೆಂದಲ್ಲ. 2015ರಲ್ಲಿ ಸ್ಪೇನ್, 1492ರಲ್ಲಿ ತಾನು ಹೊರಗಟ್ಟಿದ ಯಹೂದಿಗಳ ವಂಶಸ್ಥರಿಗೆ ಪೌರತ್ವ ಕೊಡುವ ಕಾನೂನು ಮಾಡಿತು. ಪೋರ್ಚುಗಲ್ಲೂ ಅಂಥ ಅವಕಾಶ ತೆರೆಯಿತು. ಆಗ ಲ್ಯಾಟಿನ್ ಅಮೆರಿಕದ ಎಷ್ಟೋ ಕ್ಯಾಥೊಲಿಕ್ ಕುಟುಂಬಗಳು ತಮ್ಮ ವಂಶಾವಳಿಯನ್ನು ತಾವೇ ಬಿಡಿಸಿ ನೋಡಿದವು. ಅಂಥವರಿಗೆ ಹಳೆಯ ಇಂಕ್ವಿಸಿಷನ್ ಮೊಕದ್ದಮೆಗಳ ಕಡತಗಳೂ ಪುರಾವೆಯಾಗಿ ಒದಗಿದವು. ತನಿಖೆಯವರು ಬೇರೆಯವರ ತಪ್ಪು ಹುಡುಕಲು ತುಂಬಿಸಿದ್ದ ಆ ಕಾಗದಗಳಲ್ಲಿ ಈಗ ಮರಿಮಕ್ಕಳು ಹುಡುಕುತ್ತಿರುವುದು ತಮ್ಮದೇ ಹಿರಿಯರ ಹೆಸರನ್ನು, ಅದೂ ತಮ್ಮದೇ ಇಚ್ಛೆಯಿಂದ.