ಉಳಿಸುವ ಕಿರಣ, ನೋಯಿಸುವ ಕಿರಣ

ಬೆಳಿಗ್ಗೆ ಎದ್ದೊಡನೆ ತಲೆನೋವು, ಅದರ ಹಿಂದೆಯೇ ವಾಂತಿ. ಮೊನ್ನೆಯವರೆಗೆ ಅಂಗಳದಲ್ಲಿ ಓಡಾಡಿಕೊಂಡಿದ್ದ ಮಗು ಇಂದು ನಡೆಯುವಾಗ ತೂರಾಡುತ್ತದೆ. ಕಿರುಮೆದುಳಿನಲ್ಲಿ ಬೆಳೆಯುವ 'ಮೆಡುಲ್ಲೊಬ್ಲಾಸ್ಟೊಮ' ಎಂಬ ಮಾರಕ ಗಡ್ಡೆ ಅನೇಕ ವೇಳೆ ಹೀಗೆಯೇ ತನ್ನ ಇರವನ್ನು ತಿಳಿಸುತ್ತದೆ. ಮಿದುಳಿನ ದ್ರವ ಹರಿಯುವ ದಾರಿಯನ್ನು ಗಡ್ಡೆ ಅಡ್ಡಗಟ್ಟಿದಾಗ ತಲೆಯೊಳಗೆ ಒತ್ತಡ ಏರುತ್ತದೆ. ಈ ರೋಗಕ್ಕೆ ಗುರಿಯಾಗುವವರಲ್ಲಿ ಹೆಚ್ಚಿನವರು ಮಕ್ಕಳು.

ಅಮೆರಿಕದ ಹಾರ್ವೆ ಕುಶಿಂಗ್ ಮತ್ತು ಪರ್ಸಿವಲ್ ಬೇಲಿ ಎಂಬ ವೈದ್ಯರು 1925ರಲ್ಲಿ ಈ ಗಡ್ಡೆಗೆ ಹೆಸರಿಟ್ಟರು. ಕುಶಿಂಗ್ ಅವರದು ಆ ಕಾಲದಲ್ಲಿ ಎಣೆಯಿಲ್ಲದ ಹಸ್ತಕೌಶಲ. ಆದರೂ 1930ರಲ್ಲಿ ಅವರು ವರದಿ ಮಾಡಿದ 61 ರೋಗಿಗಳಲ್ಲಿ ಮೂರು ವರ್ಷಗಳ ಬಳಿಕ ಜೀವಂತವಾಗಿ ಉಳಿದಿದ್ದವರು ಒಬ್ಬರೇ. ಇಂಥ ನಿರಾಶೆಯ ಕ್ಷೇತ್ರಕ್ಕೆ ಕಾಲಿರಿಸಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಡಾ. ಈಡಿತ್ ಪ್ಯಾಟರ್ಸನ್.

ಅವರ ಪತಿ ಡಾ. ರಾಲ್ಸ್ಟನ್ ಪ್ಯಾಟರ್ಸನ್ 1931ರಲ್ಲಿ ಅಲ್ಲಿನ ಹೋಲ್ಟ್ ರೇಡಿಯಂ ಸಂಸ್ಥೆಯ ನಿರ್ದೇಶಕರಾಗಿ ನೇಮಕಗೊಂಡಿದ್ದರು. ಮಕ್ಕಳ ವೈದ್ಯಕೀಯದಲ್ಲಿ ಅನುಭವ ಗಳಿಸಿದ್ದ ಈಡಿತ್ 1938ರಲ್ಲಿ ಕ್ರಿಸ್ಟಿ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಿದರು; ಮೊದಮೊದಲು ಅವರಿಗೆ ಸಂಬಳವೇ ಇರಲಿಲ್ಲ. ವಿಕಿರಣವು ಜೀವಕೋಶಗಳ ಮೇಲೆ ಮಾಡುವ ಪರಿಣಾಮವನ್ನು ಅಳೆಯುವುದು ಒಂದು ಕೈಯ ಕೆಲಸವಾದರೆ, ಮಕ್ಕಳ ಕ್ಯಾನ್ಸರಿನ ಚಿಕಿತ್ಸೆ ಇನ್ನೊಂದು ಕೈಯದು. ಪ್ರಯೋಗಶಾಲೆಯೂ ಹಾಸಿಗೆಯ ಬದಿಯೂ ಅವರಿಗೆ ಬೇರೆಬೇರೆಯಾಗಿರಲಿಲ್ಲ.

ಈ ಗಡ್ಡೆಯ ಕುತಂತ್ರ ಇರುವುದು ಅದರ ಹರಡುವಿಕೆಯಲ್ಲಿ. ಅದರ ಕಣಗಳು ಕಳಚಿಕೊಂಡು, ಮಿದುಳು ಮತ್ತು ಬೆನ್ನುಹುರಿಯನ್ನು ತೋಯಿಸುವ ದ್ರವದಲ್ಲಿ ತೇಲಿ, ದೂರದಲ್ಲಿ ಬೇರೂರುತ್ತವೆ. ಗಡ್ಡೆ ಇದ್ದ ಜಾಗಕ್ಕೆ ಮಾತ್ರ ಕಿರಣ ಹಾಯಿಸುವುದೆಂದರೆ, ಬಾಗಿಲಿನ ಗೆದ್ದಲನ್ನು ಕೆರೆದು ಮಾಡಿನ ತೊಲೆಗಳನ್ನು ಮರೆತಂತೆ. ಆದ್ದರಿಂದ ಇಡೀ ಮಿದುಳಿಗೂ ಇಡೀ ಬೆನ್ನುಹುರಿಗೂ ಎಡೆಬಿಡದಂತೆ ವಿಕಿರಣ ನೀಡಬೇಕೆಂಬ ಮಾರ್ಗವನ್ನು ಈಡಿತ್ ಹಿಡಿದರು. 1953ರಲ್ಲಿ ಅವರು ಫಾರ್ ಎಂಬ ಸಹೋದ್ಯೋಗಿಯೊಡನೆ ಪ್ರಕಟಿಸಿದ ಲೇಖನದಲ್ಲಿ, ಹೀಗೆ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂರು ವರ್ಷಗಳ ಬಳಿಕವೂ ಬದುಕಿದ್ದರು. ಸಾವೇ ಖಚಿತವೆಂದಿದ್ದ ಕಡೆ ಬದುಕಿನ ಲೆಕ್ಕ ಆರಂಭವಾಯಿತು.

ಆದರೆ ಈ ಬದುಕಿಗೆ ಬೆಲೆ ತೆರಬೇಕಾಯಿತು. ಕಿರಣಕ್ಕೆ ರೋಗದ ಕಣವೂ ಬೆಳೆಯುತ್ತಿರುವ ಮಿದುಳೂ ಒಂದೇ. ಬದುಕಿ ಉಳಿದ ಮಕ್ಕಳಲ್ಲಿ ಹಲವರಿಗೆ ಕಲಿಕೆ ನಿಧಾನವಾಯಿತು, ನೆನಪು ಕುಂದಿತು. ಬೆಳವಣಿಗೆಯ ಹಾರ್ಮೋನು ಕಡಿಮೆಯಾಯಿತು, ಬೆನ್ನೆಲುಬು ಬೆಳೆಯದೆ ದೇಹ ಗಿಡ್ಡವಾಯಿತು. ಮಗು ಎಷ್ಟು ಚಿಕ್ಕದೋ ಹಾನಿ ಅಷ್ಟು ದೊಡ್ಡದು. ಆದಕಾರಣವೇ ಮೂರು ವರ್ಷದೊಳಗಿನ ಕೂಸುಗಳಿಗೆ ಈ ವಿಕಿರಣವನ್ನು ಸಾಧ್ಯವಾದಷ್ಟು ತಪ್ಪಿಸಲು ಅಥವಾ ಮುಂದೂಡಲು ಇಂದಿನ ವೈದ್ಯರು ಯತ್ನಿಸುತ್ತಾರೆ.

ಒಂದೇ ಕ್ರಿಯೆಯಿಂದ ಒಳಿತೂ ಕೆಡುಕೂ ಹುಟ್ಟುವುದಾದರೆ ಅದನ್ನು ಮಾಡಬಹುದೇ? ಗುರುಮಠದ ತರಗತಿಯಲ್ಲಿ ಇದನ್ನು ದ್ವಿಪರಿಣಾಮದ ತತ್ತ್ವವೆಂದು ನಾವು ಕಲಿತೆವು. ಕ್ರಿಯೆ ಸ್ವತಃ ಕೆಟ್ಟದಾಗಿರಬಾರದು, ಕೆಡುಕನ್ನು ಬಯಸಿರಬಾರದು, ಕೆಡುಕಿನ ಮೂಲಕ ಒಳಿತನ್ನು ಸಾಧಿಸಬಾರದು, ಒಳಿತು ಕೆಡುಕಿಗೆ ತಕ್ಕಷ್ಟು ಗುರುವಾಗಿರಬೇಕು. ಹಾಗಿದ್ದರೆ ಮಾಡಬಹುದು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ಣ ಅಂಕ. ಆದರೆ ನಮ್ಮ ಉತ್ತರ ಮುಗಿಯುವಲ್ಲಿ ವೈದ್ಯನ ಕರ್ತವ್ಯ ಆರಂಭವಾಗುತ್ತದೆ. ಅನಿವಾರ್ಯವೆಂದು ಇಂದು ಒಪ್ಪಿಕೊಂಡ ಹಾನಿಯನ್ನು ನಾಳೆ ಇನ್ನಷ್ಟು ಕಿರಿದು ಮಾಡುವ ಹೊಣೆ ಅವನದು.

ಮುಂದಿನ ಪೀಳಿಗೆಯ ವೈದ್ಯರು ನಡೆದದ್ದು ಈ ಹಾದಿಯಲ್ಲೇ. ಮಿದುಳು-ಬೆನ್ನುಹುರಿಗೆ ಕೊಡುತ್ತಿದ್ದ ವಿಕಿರಣದ ಪ್ರಮಾಣ 'ಗ್ರೇ' ಎಂಬ ಮಾನದಲ್ಲಿ 36ರಷ್ಟಿತ್ತು. ಔಷಧ ಚಿಕಿತ್ಸೆಯನ್ನು ಜೊತೆಗೂಡಿಸಿ ಅದನ್ನು 23.4ಕ್ಕೆ ಇಳಿಸಬಹುದೆಂದು, ರೋಗ ಹರಡಿರದ 65 ಮಕ್ಕಳ ಕುರಿತ ಅಮೆರಿಕದ ಅಧ್ಯಯನವೊಂದು 1999ರಲ್ಲಿ ತೋರಿಸಿತು. ಐದು ವರ್ಷಗಳ ಕಾಲ ನೂರಕ್ಕೆ ಸುಮಾರು 79 ಮಕ್ಕಳಲ್ಲಿ ರೋಗ ಮರುಕಳಿಸಲಿಲ್ಲ. ಬಳಿಕ ಎಳೆಯ ಮಕ್ಕಳಿಗೆ ಅದನ್ನು 18ಕ್ಕೆ ಇಳಿಸುವ ಪ್ರಯತ್ನವೂ ನಡೆಯಿತು. ಆದರೆ ಫಲಿತಾಂಶ ಹಿಂದಿನದಕ್ಕಿಂತ ಕೆಳಗಿಳಿಯಿತೆಂದು 2021ರಲ್ಲಿ ಪ್ರಕಟವಾಯಿತು. ಕರುಣೆಗೂ ಒಂದು ಎಲ್ಲೆಯಿದೆ. ಅದನ್ನು ಮೀರಿದರೆ ಕರುಣೆಯೇ ಮಗುವನ್ನು ಕಳೆದುಕೊಳ್ಳುತ್ತದೆ. ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಆ ಅಳತೆಯನ್ನು ಊಹೆಯಿಂದ ಅರಿಯಲಾಗದು. ಗೆಲುವಿನಷ್ಟೇ ಸೋಲನ್ನೂ ಪ್ರಾಮಾಣಿಕವಾಗಿ ಬರೆದಿಡುವವರಿಗೆ ಮಾತ್ರ ಅದು ತಿಳಿಯುತ್ತದೆ.

ಈಡಿತ್ ಪ್ಯಾಟರ್ಸನ್ 1995ರಲ್ಲಿ ತೀರಿಕೊಂಡರು. ಇಂದಿಗೂ ಈ ರೋಗದ ಮಗು ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ, ಮುಖಕ್ಕೆ ಹೊಂದುವ ಅಚ್ಚನ್ನು ತೊಟ್ಟು, ಒಂಟಿ ಕೋಣೆಯಲ್ಲಿ ಅಲುಗದೆ ಮಲಗುತ್ತದೆ. ತೀರ ಚಿಕ್ಕವರಿಗೆ ಅರಿವಳಿಕೆ ಕೊಡಬೇಕಾಗುತ್ತದೆ. ಹೊರಗಿನ ಬೆಂಚಿನಲ್ಲಿ ತಾಯಿತಂದೆಯರು ನಿಮಿಷಗಳನ್ನು ಎಣಿಸುತ್ತಾರೆ.

ಪ್ರಿಯ ಓದುಗರೇ, ಆ ಮಗು ಒಂದು ದಿನ ಮನೆಗೆ ಮರಳುತ್ತದೆ, ಶಾಲೆಗೂ ಬರುತ್ತದೆ. ಲೆಕ್ಕ ಬಿಡಿಸಲು ಅದಕ್ಕೆ ಇತರರಿಗಿಂತ ಹೆಚ್ಚು ಹೊತ್ತು ಬೇಕಾಗಬಹುದು, ಕೇಳಿದ್ದನ್ನು ಮರೆಯಬಹುದು. ಅದನ್ನು ಸೋಮಾರಿಯೆಂದು ಗದರಿಸಬೇಡಿ, ಅಣ್ಣತಮ್ಮಂದಿರೊಡನೆ ಹೋಲಿಸಬೇಡಿ. ಅದು ಬದುಕಿಗಾಗಿ ತೆತ್ತ ಬೆಲೆಯನ್ನು ಇನ್ನೂ ತೆರುತ್ತಿದೆ. ಹಾನಿಯನ್ನು ಕಿರಿದು ಮಾಡುವ ಕೆಲಸದಲ್ಲಿ ವೈದ್ಯರ ಪಾಲು ಆಸ್ಪತ್ರೆಯಲ್ಲಿ ಮುಗಿಯಬಹುದು. ಉಳಿದ ಪಾಲು ಮನೆಯದು, ಶಾಲೆಯದು, ನಮ್ಮೆಲ್ಲರದು.