ಹೊಸಬರ ಕಣ್ಣಿಗೆ ಮುಂಬಯಿ

ಮುಂಬಯಿಯನ್ನು ನೋಡುವುದಕ್ಕೆ ಎರಡು ದಿನ ಸಾಕೆಂದು ಪ್ರವಾಸಕ್ಕೆ ಹೋಗಿ ಬಂದವರು ಹೇಳುತ್ತಾರೆ. ಇಪ್ಪತ್ತು ವರ್ಷಗಳಿಂದ ಅಲ್ಲಿಯೇ ಸಂಸಾರ ಹೂಡಿರುವವರನ್ನು ಕೇಳಿದರೆ, "ನೋಡುವುದಕ್ಕೆ ಬಿಡುವೆಲ್ಲಿದೆ?" ಎನ್ನುತ್ತಾರೆ. ನಮ್ಮ ನೆರೆಮನೆಯ ಹಿರಿಯರೊಬ್ಬರು ನಿವೃತ್ತರಾಗುವ ತನಕ ದಿನವೂ ವಿ.ಟಿ.ಯಲ್ಲಿ ಇಳಿದು ಕಚೇರಿಗೆ ನಡೆದವರು. ದೋಣಿ ಹತ್ತಿ ಘಾರಾಪುರಿಗೆ ಒಮ್ಮೆಯೂ ಹೋದವರಲ್ಲ. ನೋಡುವವನಿಗೆ ಊರು ಗೊತ್ತಿಲ್ಲ, ಊರು ಗೊತ್ತಿರುವವನು ನೋಡುವುದಿಲ್ಲ! ಇವೆರಡರ ನಡುವಿನ ಕಾಲವೊಂದಿದೆ. ಹೊಸದಾಗಿ ಬಂದು ನೆಲೆಸಿದವರ ಮೊದಲ ಆರು ತಿಂಗಳು. ಊರು ಇನ್ನೂ ಅಪರಿಚಿತವಾಗಿರುತ್ತದೆ, ಆದರೆ ಹಾಲು ತರುವ ಅಂಗಡಿ ಗೊತ್ತಾಗಿರುತ್ತದೆ. ಆ ಆರು ತಿಂಗಳಲ್ಲಿ ಮುಂಬಯಿಯನ್ನು ಹೇಗೆ ನೋಡಬೇಕು ಎಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ. ಈ ಕಾಲೇಜಿನಿಂದ ಪದವಿ ಪಡೆದು ಹೊರಡುವವರಲ್ಲಿ ಹಲವರು ನಾಳೆ ಇಂಥದೊಂದು ಮಹಾನಗರಕ್ಕೆ ಹೋಗುವವರೇ ಅಲ್ಲವೆ?

ನಮ್ಮ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾನು ಇದೇ ಕಾಲೇಜಿನಲ್ಲಿ ಇತಿಹಾಸ ಓದಿದವಳು. ನಮ್ಮವರಿಗೆ ಬ್ಯಾಂಕಿನ ಕೆಲಸ. ಮದುವೆಯಾದ ಮೂರನೆಯ ತಿಂಗಳಿಗೆ ಮುಂಬಯಿಗೆ ವರ್ಗವಾಯಿತು. ನವರಾತ್ರಿಗೆ ಒಂದು ವಾರವಿರುವಾಗ ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆಯ ಬಾಡಿಗೆ ಮನೆಗೆ ಬಂದು ಇಳಿದೆವು. ಮರಳಿ ನಾಡಿನ ಕಡೆಗೆ ವರ್ಗ ಬೇಕಾದವರು ಮಾರ್ಚ್ ತಿಂಗಳೊಳಗೆ ಅರ್ಜಿ ಹಾಕಬಹುದಿತ್ತು. "ಅಲ್ಲಿ ನೀರಿಗೂ ಗಂಟೆ ಲೆಕ್ಕವಂತೆ, ಅರ್ಜಿ ಹಾಕಿ ಬಂದುಬಿಡ್ರಮ್ಮ" ಎಂದು ಅತ್ತೆಯವರು ವಾರಕ್ಕೊಮ್ಮೆ ಫೋನಿನಲ್ಲಿ ಹೇಳುವರು. ನಮ್ಮವರು ಮಾತ್ರ, "ನಾನು ಹಗಲೆಲ್ಲ ಕಚೇರಿಯಲ್ಲಿರುತ್ತೇನೆ. ಇಲ್ಲಿ ಬಾಳಬೇಕಾದವಳು ನೀನು. ನೀನು ಹೇಳಿದಂತೆ ಆಗಲಿ" ಎಂದರು. ಊರನ್ನು ನೋಡದೆ ಉತ್ತರ ಹೇಳುವುದು ಹೇಗೆ? ಆದ್ದರಿಂದ ಭಾನುವಾರಗಳನ್ನು ಅದಕ್ಕೆಂದೇ ಮೀಸಲಿಟ್ಟೆವು.

ಮೊದಲು ತಿಳಿಯಬೇಕಾದ್ದು ನೆಲದ ಕತೆ. ಈಗ ಒಂದೇ ನಾಲಗೆಯಂತೆ ಸಮುದ್ರಕ್ಕೆ ಚಾಚಿರುವ ಮುಂಬಯಿ ಹಿಂದೆ ಏಳು ದ್ವೀಪಗಳಾಗಿತ್ತು. ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಜಗಾಂವ್, ಪರೇಲ್, ವರಳಿ, ಮಾಹಿಮ್ ಎಂದು ಅವುಗಳ ಹೆಸರು. ಪೋರ್ಚುಗೀಸರ ಕೈಯಲ್ಲಿದ್ದ ಇದು 1661ರ ಒಪ್ಪಂದದಂತೆ ಅವರ ರಾಜಕುಮಾರಿಯ ಮದುವೆಯ ಬಳುವಳಿಯಾಗಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಸಂದಿತು. ಆತ 1668ರಲ್ಲಿ ವರ್ಷಕ್ಕೆ 10 ಪೌಂಡು ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಈಗ ನಮ್ಮ ಒಂದು ಕೋಣೆಯ ಬಾಡಿಗೆಯನ್ನು ನೆನೆದಾಗಲೆಲ್ಲ ಆ 10 ಪೌಂಡಿನ ಲೆಕ್ಕ ನನ್ನನ್ನು ಕಾಡುತ್ತದೆ. ದ್ವೀಪಗಳ ನಡುವಿನ ಜವುಗನ್ನು ಮುಚ್ಚಿ, ಒಡ್ಡು ಹಾಕಿ, ಸೇತುವೆ ಕಟ್ಟಿ ಒಂದು ಮಾಡುವುದಕ್ಕೆ ನೂರಾರು ವರ್ಷ ಹಿಡಿಯಿತು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ವರಳಿಯ ಬಳಿ ಕಡಲಿಗೆ ಹಾಕಿದ ಒಡ್ಡು ಪದೇ ಪದೇ ಕುಸಿಯುತ್ತಿತ್ತೆಂದೂ, ಕಡಲಿನಲ್ಲಿದ್ದ ದೇವಿಯ ವಿಗ್ರಹವನ್ನು ಕನಸಿನ ಸೂಚನೆಯಂತೆ ಎತ್ತಿ ಪ್ರತಿಷ್ಠೆ ಮಾಡಿದ ಮೇಲೆ ನಿಂತಿತೆಂದೂ ಮಹಾಲಕ್ಷ್ಮಿ ಗುಡಿಯ ಸ್ಥಳಪುರಾಣವಿದೆ. ಕೊಲಾಬಾದ ಸೇತುದಾರಿ 1838ರಲ್ಲಿ, ಮಾಹಿಮ್‌ನದು 1845ರಲ್ಲಿ ಆದವು. ಇಷ್ಟು ತಿಳಿದರೆ ಈ ಊರು ಏಕೆ ಉದ್ದಕ್ಕೆ ಬೆಳೆದಿದೆ, ಅಗಲಕ್ಕೆ ಏಕಿಲ್ಲ, ಬೆಳಗಿನ ಗುಂಪೆಲ್ಲ ಏಕೆ ದಕ್ಷಿಣಕ್ಕೆ ಹರಿದು ಸಂಜೆ ಉತ್ತರಕ್ಕೆ ಮರಳುತ್ತದೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ಹೀಗೆ ಹರಿಯುವುದಕ್ಕೆ ಕಾಲುವೆಯಾಗಿರುವುದೇ ಲೋಕಲ್ ರೈಲು. ನನ್ನ ಮಟ್ಟಿಗೆ ಮುಂಬಯಿಯ ನಿಜವಾದ ಪ್ರೇಕ್ಷಣೀಯ ವಸ್ತು ಅದೇ. ನಮ್ಮ ದೇಶದಲ್ಲಿ ಪ್ರಯಾಣಿಕರ ಮೊದಲ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟಿತು. 34 ಕಿಲೋಮೀಟರ್ ದೂರ, 14 ಗಾಡಿಗಳು, ಎಳೆಯಲು ಮೂರು ಎಂಜಿನುಗಳು. ವಿದ್ಯುತ್ ರೈಲು ಬಂದದ್ದು 1925ರಲ್ಲಿ. ಇವೆಲ್ಲ ಪರೀಕ್ಷೆಗೆ ಓದಿದ ಸಂಗತಿಗಳೇ. ಆದರೆ ಅದೇ ದಾರಿಯಲ್ಲಿ ಡೊಂಬಿವಲಿಯಿಂದ ಒಂದು ಗಂಟೆಗೂ ಮೀರಿ ನಿಂತು ಹೋದಾಗಲೇ ಅವು ಮೈಗೆ ಹತ್ತುವುದು.

ಹೊಸಬರಿಗೆ ಬೇಕಾದ ಒಂದೆರಡು ಮಾತು. ಗಾಡಿಗಳಲ್ಲಿ ಸ್ಲೋ, ಫಾಸ್ಟ್ ಎಂದು ಎರಡು ಬಗೆ. ಫಾಸ್ಟ್ ಗಾಡಿ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ. ಮಾಟುಂಗಾಕ್ಕೆ ಹೋಗಬೇಕಾದವರು ಅದನ್ನು ಹತ್ತಿದರೆ ದಾದರಿನಲ್ಲಿ ಇಳಿದು ಹಿಂದಿರುಗಬೇಕು. ಮೂವರು ಕೂರುವ ಪೀಠದಲ್ಲಿ ನಾಲ್ಕನೆಯವರು ತುದಿಗೆ ಆತುಕೊಳ್ಳುವುದಕ್ಕೆ ಹಕ್ಕುಂಟು. ಅದಕ್ಕೆ 'ಚೌಥಿ ಸೀಟ್' ಎಂದೇ ಹೆಸರು. ಹೆಂಗಸರ ಡಬ್ಬಿಯಲ್ಲಿ ನಿಂತವರು ಕುಳಿತವರನ್ನು "ಎಲ್ಲಿ ಇಳಿಯುತ್ತೀರಿ?" ಎಂದು ಕೇಳುತ್ತಾರೆ. ಮೊದಲ ದಿನ ನಾನು ಇದನ್ನು ಸ್ನೇಹದ ಮಾತೆಂದುಕೊಂಡೆ. ಅದು ಜಾಗ ಕಾದಿರಿಸುವ ವಿಧಾನ! ನೀವು "ಘಾಟ್ಕೋಪರ್" ಎಂದರೆ ಸಾಕು, ಆ ಜಾಗ ಆಕೆಯದಾಯಿತು. ನಡುವೆ ಬಂದವರಾರೂ ಅದನ್ನು ಕೇಳುವಂತಿಲ್ಲ. ಬರೆದಿಟ್ಟ ಕಾನೂನಲ್ಲ, ಆದರೂ ಮೀರಿದವರನ್ನು ನಾನು ಕಂಡಿಲ್ಲ. ಇನ್ನು ಭಾನುವಾರ ನೂಕುನುಗ್ಗಲು ಕಡಿಮೆ, ಕಿಟಕಿಯ ಪಕ್ಕವೂ ಸಿಕ್ಕೀತು. ಆದರೆ ಹಳಿಯ ದುರಸ್ತಿಗೆಂದು ಹಗಲಿನಲ್ಲಿ ಕೆಲವು ತಾಸು 'ಮೆಗಾ ಬ್ಲಾಕ್' ಇರುತ್ತದೆ. ಬೆಳಗ್ಗೆ ಬೇಗ ಹೊರಡುವುದೇ ಲೇಸು. ನಾವು ಬುತ್ತಿ ಕಟ್ಟಿಕೊಂಡು ಏಳು ಗಂಟೆಗೆ ಹೊರಡುತ್ತಿದ್ದೆವು.

ವಿ.ಟಿ. ನಿಲ್ದಾಣವೇ ಮೊದಲ ನೋಟ. ಹೆಸರು 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಎಂದಾಗಿ, 2017ರಲ್ಲಿ 'ಮಹಾರಾಜ' ಎಂಬುದೂ ಸೇರಿತು. ಜನರ ಬಾಯಲ್ಲಿ ಮಾತ್ರ ವಿ.ಟಿ. ಉಳಿದಿದೆ. ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ಶಿಲ್ಪಿಯ ನಕ್ಷೆ. 1878ರಲ್ಲಿ ತೊಡಗಿ ಹತ್ತು ವರ್ಷದಲ್ಲಿ ಮುಗಿಯಿತು. 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬಾಗಿಲ ಕಂಬಗಳ ಮೇಲೆ ಒಂದು ಕಡೆ ಸಿಂಹ, ಒಂದು ಕಡೆ ಹುಲಿ. ಸಿಂಹ ಬ್ರಿಟನ್ನು, ಹುಲಿ ಭಾರತ. ಗೋಡೆಗಳಲ್ಲಿನ ಹಕ್ಕಿ, ಮಂಗ, ಎಲೆಬಳ್ಳಿಗಳ ಕೆತ್ತನೆಯಲ್ಲಿ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈವಾಡವಿದೆ. ಓದುತ್ತಿದ್ದ ಹುಡುಗರು ಮಾಡಿದ ಕೆಲಸವೆಂಬುದನ್ನು ಈ ಸಂಚಿಕೆಯ ಓದುಗರು ಗಮನಿಸಬೇಕು.

ಅಲ್ಲಿಂದ ನಡೆದು ಹೋದರೆ ವಿಶ್ವವಿದ್ಯಾನಿಲಯದ ರಾಜಾಬಾಯಿ ಗೋಪುರ. 1878ರಲ್ಲಿ ಮುಗಿದದ್ದು, ಎತ್ತರ 280 ಅಡಿ. ಹಣ ಕೊಟ್ಟ ಪ್ರೇಮಚಂದ್ ರಾಯಚಂದರು ತಮ್ಮ ತಾಯಿಯ ಹೆಸರಿಟ್ಟರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಆಗುವವರೆಗೆ ಧಾರವಾಡದ ಕಾಲೇಜು ಸೇರಿದ್ದು ಈ ಗೋಪುರದ ವಿಶ್ವವಿದ್ಯಾನಿಲಯಕ್ಕೆ. 1956ರ ನವೆಂಬರ್ 1ರವರೆಗೆ ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರಗಳಿಗೆ ರಾಜಧಾನಿಯೇ ಮುಂಬಯಿ. ಆ ಕಡೆಯ ಹಿರಿಯರಿಗೆ ಇದು ಪರಊರೆಂದು ಎಂದೂ ಅನಿಸಲಿಲ್ಲ. ಅದು ನೆನಪಾದಾಗ ನನಗೂ ಸ್ವಲ್ಪ ಧೈರ್ಯ ಬಂತು.

ಗೇಟ್‌ವೇ ಆಫ್ ಇಂಡಿಯಾದ ವಿಷಯ ಎಲ್ಲರಿಗೂ ಗೊತ್ತು. ಐದನೆಯ ಜಾರ್ಜ್ ದೊರೆ 1911ರಲ್ಲಿ ಬಂದಿಳಿದುದರ ನೆನಪಿಗೆ ಎದ್ದ ಕಮಾನು 1924ರಲ್ಲಿ ಸಿದ್ಧವಾಯಿತು. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಅದೇ ಕಮಾನಿನಡಿಯಿಂದ ಹೊರಟುಹೋಯಿತು. ಸ್ವಾಗತಕ್ಕೆ ಕಟ್ಟಿದ್ದು ಬೀಳ್ಕೊಡುಗೆಗೆ ಒದಗಿತು! ಮರೀನ್ ಡ್ರೈವ್ ಸಂಜೆಯ ಹೊತ್ತಿಗೆ ಸರಿ. ಖರ್ಚಿಲ್ಲದೆ ಇಬ್ಬರು ಮಾತಾಡುತ್ತ ಕೂರಬಹುದಾದ ಸ್ಥಳ ಈ ಊರಿನಲ್ಲಿ ಅದಕ್ಕಿಂತ ದೊಡ್ಡದು ಬೇರೆ ಇರಲಾರದು. ಚಿತ್ರತಾರೆಯರ ಬಂಗಲೆಗಳ ಮುಂದೆ ನಿಲ್ಲುವವರ ಬಗ್ಗೆ ನನಗೇನೂ ಹೇಳುವುದಿಲ್ಲ. ಗೇಟು ನೋಡುವುದಕ್ಕೆ ಅಷ್ಟು ದೂರ ಹೋಗಬೇಕೆ?

ಗೇಟ್‌ವೇ ಸಮೀಪದ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನವಾದರೂ ಬೇಕು. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿನಿಂದ ತೆರೆದದ್ದು, ಈಗ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ. ಶಿಲ್ಪಗಳ ಶಾಲೆಯಲ್ಲಿ ಸುಮ್ಮನೆ ನಡೆಯುತ್ತಿದ್ದವಳು ಥಟ್ಟನೆ ನಿಂತೆ. ಐಹೊಳೆಯ ಗುಡಿಯ ಛಾವಣಿಯಿಂದ ಬಂದ ಬ್ರಹ್ಮ! ಕಾಲೇಜಿನ ಪ್ರವಾಸದಲ್ಲಿ ಐಹೊಳೆಗೆ ಹೋದಾಗ ಕತ್ತೆತ್ತಿ ಛಾವಣಿಗಳನ್ನೆಲ್ಲ ನೋಡಿದ್ದೆ, ಅಲ್ಲಿಲ್ಲದ್ದು ಇಲ್ಲಿತ್ತು. "ಇವನಿಗೂ ವರ್ಗವಾಗಿದೆ ನೋಡು" ಎಂದರು ನಮ್ಮವರು. ನಗು ಬಂತು. ಆದರೆ ನಗುವಿನ ಹಿಂದೆಯೇ ಕಣ್ಣು ತುಂಬಿತೆಂಬುದನ್ನೂ ಹೇಳಬೇಕು.

ಘಾರಾಪುರಿಗೆ ಜನವರಿಯಲ್ಲಿ ಹೋದೆವು. ಎಲಿಫೆಂಟಾ ಎಂಬುದು ಪೋರ್ಚುಗೀಸರು ಅಲ್ಲಿದ್ದ ಕಲ್ಲಾನೆಯನ್ನು ಕಂಡು ಇಟ್ಟ ಹೆಸರು. ಆ ಆನೆ ಈಗ ದ್ವೀಪದಲ್ಲಿಲ್ಲ. ಬೈಕಲ್ಲಾದ ಜೀಜಾಮಾತಾ ಉದ್ಯಾನದಲ್ಲಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಬಳಿ ನಿಂತಿದೆ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ. ಸೋಮವಾರ ಗುಹೆಗಳಿಗೆ ರಜೆ. ಮಳೆಗಾಲದಲ್ಲಿ ದೋಣಿಯನ್ನು ನಂಬುವಂತಿಲ್ಲ. ಮೆಟ್ಟಿಲು ಹತ್ತಿ ಒಳಹೊಕ್ಕರೆ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ನಿಲ್ಲಬೇಕು. ಆಮೇಲೆ ಎದುರಿನ ಗೋಡೆಯ ಕತ್ತಲೆಯಿಂದ ಹದಿನೆಂಟು ಇಪ್ಪತ್ತು ಅಡಿಯ ಸದಾಶಿವ ಮೆಲ್ಲಗೆ ಹೊರಬರುತ್ತಾನೆ. ನಮ್ಮ ಎಡಕ್ಕೆ ಉಗ್ರವಾದ ಅಘೋರ, ಬಲಕ್ಕೆ ಹೆಣ್ಣಿನ ಸೌಮ್ಯತೆಯ ಮುಖ, ನಡುವೆ ಎರಡೂ ಅಲ್ಲದ ಶಾಂತಿ. ಪಕ್ಕದಲ್ಲಿ ಅರ್ಧನಾರೀಶ್ವರ, ಇನ್ನೊಂದೆಡೆ ಶಿವಪಾರ್ವತಿಯರ ಮದುವೆ, ತಲೆ ತಗ್ಗಿಸಿ ನಿಂತ ಪಾರ್ವತಿ. ಕೈಕಾಲುಗಳು ಮುರಿದಿದ್ದರೂ ಆಕೆಯ ನಾಚಿಕೆ ಮುರಿದಿಲ್ಲ.

ಇದನ್ನು ಮಾಡಿಸಿದವರಾರು? ಗುಹೆಯಲ್ಲಿದ್ದ ಶಾಸನವನ್ನು ಪೋರ್ಚುಗೀಸರು ಸಾಗಿಸಿದರು, ಅದು ಮತ್ತೆ ಸಿಗಲಿಲ್ಲ. ಹಿಂದೆ ರಾಷ್ಟ್ರಕೂಟರ ಹೆಸರು ಹೇಳುವವರಿದ್ದರು. ಈಗ ಹೆಚ್ಚಿನ ವಿದ್ವಾಂಸರು 6ನೆಯ ಶತಮಾನದ ಕಲಚೂರಿಗಳತ್ತ ಒಲಿದಿದ್ದಾರೆ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ 634ರ ಶಾಸನವಿದೆಯಷ್ಟೆ. ಅದರಲ್ಲಿ ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಸಿರಿಯಾದ ಪುರಿಯನ್ನು ನೂರಾರು ಹಡಗುಗಳೊಡನೆ ಮುತ್ತಿದನೆಂದು ಹೇಳಿದೆ. ಆ ಪುರಿ ಈ ಘಾರಾಪುರಿಯೇ ಇರಬೇಕೆಂದು ಕೆಲವರ ಊಹೆ. ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಸಾಲಿನ ಊರಿನಲ್ಲಿ ನಿಂತು ಮೊಸರನ್ನದ ಬುತ್ತಿ ಬಿಚ್ಚಿದೆವೋ ಏನೋ! ಬುತ್ತಿಯ ಮೇಲೆ ಅಲ್ಲಿಯ ಮಂಗಗಳ ಕಣ್ಣು ಇರುತ್ತದೆ, ಎಚ್ಚರ.

ಮನೆಯ ನೆನಪು ಬಲವಾದಾಗ ಮಾಟುಂಗಾ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಅಲ್ಲಿದೆ. ಕನ್ನಡದ ನಾಟಕ, ಉಪನ್ಯಾಸಗಳು ನಡೆಯುತ್ತವೆ. ರಾಮ ನಾಯಕರು 1942ರಲ್ಲಿ ತೊಡಗಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಊರಿದು. ಮಾಟುಂಗಾ ನಿಲ್ದಾಣದಲ್ಲಿ 2017ರಲ್ಲಿ ಎಲ್ಲ ಕೆಲಸಕ್ಕೂ ಹೆಂಗಸರನ್ನೇ ನೇಮಿಸಿದರು. ಅಲ್ಲಿಗೆ ಒಂದು ಬುಧವಾರ ನಾನೊಬ್ಬಳೇ ಹೋಗಿಬಂದೆ. ಹೋಗುವಾಗ ಎದೆ ಹೊಡೆದುಕೊಳ್ಳುತ್ತಿತ್ತು; ಬರುವಾಗ ನಿಂತ ನಾನೇ ಕುಳಿತಾಕೆಯನ್ನು "ಎಲ್ಲಿ ಇಳಿಯುತ್ತೀರಿ?" ಎಂದು ಕೇಳಿದೆ. "ಮುಲುಂಡ್" ಎಂದಳು. ಸಂಜೆ ನಮ್ಮವರಿಗೆ ಇದನ್ನು ಹೇಳಿದರೆ, ಅವರು ಅರ್ಜಿಯ ಮಾತನ್ನೇ ಎತ್ತಲಿಲ್ಲ.

ಕೊನೆಗೆ ಹೋದದ್ದು ಕಾನ್ಹೇರಿಗೆ, ಫೆಬ್ರವರಿಯಲ್ಲಿ. ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ ಕೆಲವು ಮೈಲಿ ಕಾಡಿನ ದಾರಿ; ಒಳಗೆ ಬಸ್ಸು ಸಿಗುತ್ತದೆ. ಒಂದೇ ಕರಿಗಲ್ಲಿನ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು, ಸಾವಿರ ವರ್ಷ ಬಳಕೆಯಲ್ಲಿದ್ದಂಥವು. 9ನೆಯ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಆಳ್ವಿಕೆಯ ಉಲ್ಲೇಖವಿದೆ. ಹೌದು, 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ನೃಪತುಂಗನೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಿನ ಏರ್ಪಾಡು. ಬಂಡೆಯ ಮೈಮೇಲೆ ಸಣ್ಣ ಕಾಲುವೆಗಳನ್ನು ಕೊರೆದು, ಮಳೆನೀರು ಗುಹೆಗಳ ಬಾಗಿಲಲ್ಲಿ ಕಡೆದ ತೊಟ್ಟಿಗಳಿಗೆ ಇಳಿಯುವಂತೆ ಮಾಡಿದ್ದಾರೆ. ಭಿಕ್ಷುವಿಗೆ ಮಲಗಲು ಒಂದು ಕಲ್ಲಿನ ಜಗಲಿ, ಕುಡಿಯಲು ಬಾಗಿಲಲ್ಲೇ ನೀರು. ಕೋಣೆ ನಮ್ಮದಕ್ಕಿಂತ ಚಿಕ್ಕದು. ನಮ್ಮವರು ಹೆಜ್ಜೆಯಿಂದ ಅಳೆದೂ ನೋಡಿದರು.

ಮಾರ್ಚ್ ಕಳೆಯಿತು, ಈ ವರ್ಷ ಅರ್ಜಿ ಹಾಕಲಿಲ್ಲ. ಅತ್ತೆಯವರಿಗೆ ಇದು ಸಮಾಧಾನವಾಗಿಲ್ಲ, ಬರುವ ವರ್ಷದ ಮಾತು ಬರುವ ವರ್ಷಕ್ಕೆ. ಅವರನ್ನೇ ದಸರೆಯ ಹೊತ್ತಿಗೆ ಕರೆಸಿಕೊಳ್ಳಬೇಕೆಂದಿದ್ದೇವೆ. ಮೆಟ್ಟಿಲು ಹತ್ತಲಾರದವರಿಗೆ ಘಾರಾಪುರಿ ಕಷ್ಟ, ಡೋಲಿಯವರಿದ್ದರೂ ಅವರು ಒಪ್ಪಲಿಕ್ಕಿಲ್ಲ. ಮಹಾಲಕ್ಷ್ಮಿ, ಮಾಟುಂಗಾದ ಊಟ, ಸಂಜೆ ಮರೀನ್ ಡ್ರೈವ್, ಇಷ್ಟನ್ನು ಅವರಿಗೆಂದು ತೆಗೆದಿರಿಸಿದ್ದೇವೆ. ನಮಗಿಬ್ಬರಿಗೆ 1739ರಲ್ಲಿ ಚಿಮಾಜಿ ಅಪ್ಪ ಗೆದ್ದ ವಸಯಿಯ ಕೋಟೆ ಇನ್ನೂ ಬಾಕಿ ಇದೆ. ಮಳೆ ನಿಂತ ಮೊದಲ ಭಾನುವಾರ ಅಲ್ಲಿಗೆ.